ಅಳೆದು ನೋಡಿ ಹೇಳ್ತೀನಿ: ಫೋನಿನ ಕಣ್ಣಿಗೆ ಕೊಬ್ಬು ಕಾಣುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಫೋನಿನ ಕ್ಯಾಮೆರಾ ಮುಂದೆ ನಿಂತರೆ ಸಾಕು, ಮೈಯಲ್ಲಿ ಎಷ್ಟು ಪರ್ಸೆಂಟ್ ಕೊಬ್ಬಿದೆ ಎಂದು ಹೇಳುವ ಆ್ಯಪ್‌ಗಳು. ನಂಬಬಹುದಾ ಎಂದು ಎಲ್ಲರೂ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. 22 ವರ್ಷ ಫಿಸಿಕ್ಸ್ ಲ್ಯಾಬ್‌ನಲ್ಲಿ ಮಕ್ಕಳ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟು, ‘ಒಂದೇ ಸಲ ಅಳೆದು ಬರೀಬೇಡಿ’ ಎಂದು ಗದರಿದವಳು. ಹಾಗಾಗಿ ನನಗೆ ಗೊತ್ತಿರುವ ದಾರಿಯಲ್ಲೇ ಹೋದೆ. ಎರಡು ಆ್ಯಪ್ ಹಾಕಿಕೊಂಡು ಮೂರು ವಾರ ನನ್ನ ಮೇಲೇ ಪ್ರಯೋಗ ಮಾಡಿದೆ. ಆ್ಯಪ್‌ಗಳ ಹೆಸರು ಹೇಳುವುದಿಲ್ಲ. ಇವತ್ತಿನ ಅಪ್‌ಡೇಟ್ ನಾಳೆ ಬದಲಾಗುತ್ತದೆ, ಪರೀಕ್ಷೆ ಮಾಡುವ ರೀತಿ ಬದಲಾಗುವುದಿಲ್ಲ.

ಪ್ರಶ್ನೆ: ನನಗೆ 41 ವರ್ಷ. ಫೋನ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದರೆ ಕೊಬ್ಬಿನ ಲೆಕ್ಕ ಕೊಡುತ್ತದೆ. ಮೊದಲ ದಿನ ಬೆಳಿಗ್ಗೆ 27.4 ಬಂತು. ಮರುದಿನ 24.9. ಖುಷಿಯಾಗಿ ಸಂಜೆ ಮತ್ತೆ ನೋಡಿದರೆ 27.8! ಜಿಮ್‌ನಲ್ಲಿ ನಿಂತು ನೋಡುವ ಮೆಷಿನ್ 22 ಅನ್ನುತ್ತೆ. ಮೇಡಂ, ಇದರಲ್ಲಿ ಯಾವುದು ನಿಜ?

ಉತ್ತರ: ಮೊದಲು ಒಂದು ಮಾತು ಹೇಳಿಬಿಡ್ತೀನಿ. ಬದುಕಿರುವ ಮನುಷ್ಯನ ಕೊಬ್ಬನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಿಲ್ಲ. ನಾವು ನೋಡುವ ಪರ್ಸೆಂಟ್ ಎಲ್ಲವೂ ಬೇರೆ ಏನನ್ನೋ ಅಳೆದು, ಅದರಿಂದ ಲೆಕ್ಕ ಹಾಕಿ ತೆಗೆದದ್ದು. ನೀರಿನಲ್ಲಿ ಮುಳುಗಿಸಿ ತೂಗುವ ಹಳೆಯ ವಿಧಾನ ಅಳೆಯುವುದು ದೇಹದ ಸಾಂದ್ರತೆಯನ್ನು. ಕೊಬ್ಬಿನ ಸಾಂದ್ರತೆ ಸುಮಾರು 0.9, ಉಳಿದದ್ದೆಲ್ಲ ಸೇರಿ ಸುಮಾರು 1.1 ಎಂದು ಇಟ್ಟುಕೊಂಡು 1961ರಲ್ಲಿ ಸಿರಿ ಎಂಬ ವಿಜ್ಞಾನಿ ಒಂದು ಸೂತ್ರ ಕೊಟ್ಟರು. 495ನ್ನು ಸಾಂದ್ರತೆಯಿಂದ ಭಾಗಿಸಿ 450 ಕಳೆಯಿರಿ, ಅಷ್ಟೇ. ಈಗ ಹೆಚ್ಚಿನವರು ಒರೆಗಲ್ಲು ಎಂದು ಹಿಡಿಯುವುದು ಡೆಕ್ಸಾ ಸ್ಕ್ಯಾನನ್ನು. ಎರಡು ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ, ಮೂಳೆ, ಕೊಬ್ಬು, ಉಳಿದ ಮಾಂಸಖಂಡ ಒಂದೊಂದೂ ಎಷ್ಟೆಷ್ಟು ತಡೆಯುತ್ತದೆ ಎಂದು ನೋಡುತ್ತದೆ. ಅದೂ ಲೆಕ್ಕವೇ. ಒಂದು ಮೆಷಿನ್‌ಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಆದರೂ ನಮ್ಮ ಕೈಗೆ ಸಿಗುವುದರಲ್ಲಿ ಒಳ್ಳೆಯದು.

ನಿಮ್ಮ ಜಿಮ್‌ನ ಮೆಷಿನ್ ಪಾದದಿಂದ ಸಣ್ಣ ಕರೆಂಟ್ ಬಿಟ್ಟು ನೋಡುತ್ತದೆ. ಕರೆಂಟ್ ಸಲೀಸಾಗಿ ಹರಿಯುವುದು ನೀರಿರುವ ಕಡೆ. ಮಾಂಸಖಂಡದಲ್ಲಿ ನೀರು ಜಾಸ್ತಿ, ಕೊಬ್ಬಿನಲ್ಲಿ ಕಡಿಮೆ. ಅಂದರೆ ಅದು ನಿಜವಾಗಿ ಅಳೆಯುವುದು ನೀರನ್ನು. ಪಾದಕ್ಕೆ ಮಾತ್ರ ಲೋಹದ ತಟ್ಟೆ ಇರುವ ಮೆಷಿನ್ ಆದರೆ ಕರೆಂಟ್ ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ, ಹೊಟ್ಟೆಯ ಮೇಲುಭಾಗದ ಸುದ್ದಿಯೇ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಬೆವರು ಹರಿಸಿ ಬಂದು ನಿಂತರೆ ಒಂದು ನಂಬರ್, ಬೆಳಿಗ್ಗೆ ಎದ್ದು ನಿಂತರೆ ಇನ್ನೊಂದು.

ಕ್ಯಾಮೆರಾ ಏನು ಅಳೆಯುತ್ತದೆ? ಆಕಾರ. ಅಷ್ಟೇ. ಫೋಟೊದಲ್ಲಿ ಹಿಂದಿನ ಗೋಡೆ, ಕುರ್ಚಿ ಎಲ್ಲ ಕತ್ತರಿಸಿ ನಿಮ್ಮನ್ನು ಮಾತ್ರ ಬೇರೆ ಮಾಡುತ್ತದೆ. ಆಮೇಲೆ ಆ ಆಕಾರವನ್ನು, ಮೊದಲೇ ಡೆಕ್ಸಾ ಮಾಡಿಸಿಕೊಂಡ ಬಹಳಷ್ಟು ಜನರ ಆಕಾರಗಳಿಂದ ಕಲಿತದ್ದಕ್ಕೆ ಹೋಲಿಸಿ, ‘ಇಂಥ ಆಕಾರದವರಿಗೆ ಸಾಮಾನ್ಯವಾಗಿ ಇಷ್ಟಿರುತ್ತದೆ’ ಎಂದು ಊಹಿಸುತ್ತದೆ. ಪಳಗಿದ ದರ್ಜಿ ಟೇಪು ಹಿಡಿಯದೆ, ನೀವು ಬಾಗಿಲಲ್ಲಿ ನಿಂತಿರುವಾಗಲೇ ನಿಮ್ಮ ಸೈಜ್ ಹೇಳಿದ ಹಾಗೆ. ದರ್ಜಿಯ ಊಹೆ ಎಷ್ಟೋ ಸಲ ಸರಿ ಇರುತ್ತದೆ, ಅಲ್ವಾ? ಇದೂ ಹಾಗೇ. 2022ರಲ್ಲಿ ‘ಎನ್‌ಪಿಜೆ ಡಿಜಿಟಲ್ ಮೆಡಿಸಿನ್’ ಪತ್ರಿಕೆಯಲ್ಲಿ 134 ವಯಸ್ಕರ ಮೇಲೆ ಮಾಡಿದ ಅಧ್ಯಯನ ಬಂತು. ಫೋನಿನ ಫೋಟೊದಿಂದ ಬಂದ ಲೆಕ್ಕಕ್ಕೂ ಡೆಕ್ಸಾಗೂ ಸರಾಸರಿ 2.16 ಪಾಯಿಂಟ್ ವ್ಯತ್ಯಾಸ. ಸುಮ್ನೆ ತಳ್ಳಿಹಾಕುವ ವಿಷಯ ಅಲ್ಲ ಇದು. ಆದರೆ ಎರಡು ಮಾತು ನೆನಪಿರಲಿ. ಆ ಅಧ್ಯಯನದ ಲೇಖಕರಲ್ಲಿ ಆ ವಿಧಾನ ತಯಾರಿಸಿದ ಕಂಪನಿಯವರೂ ಇದ್ದರು. ಇನ್ನೊಂದು, ಸರಾಸರಿ 2 ಎಂದರೆ ಕೆಲವರಿಗೆ ಅರ್ಧ ಪಾಯಿಂಟ್ ತಪ್ಪಿರುತ್ತದೆ, ಕೆಲವರಿಗೆ ನಾಲ್ಕೋ ಐದೋ. ನೀವು ಯಾರ ಸಾಲಿನಲ್ಲಿದ್ದೀರಿ ಎಂದು ಸರಾಸರಿ ಹೇಳುವುದಿಲ್ಲ.

ಈಗ ನನ್ನ ಪ್ರಯೋಗ. ನನಗೆ 53 ವರ್ಷ, ಎತ್ತರ 158 ಸೆಂ.ಮೀ., ತೂಕ 64 ಕಿಲೋ. ಮೊದಲು ಹೋಗಿ ಡೆಕ್ಸಾ ಮಾಡಿಸಿಕೊಂಡೆ. ಹತ್ತು ನಿಮಿಷ ಅಲ್ಲಾಡದೆ ಮಲಗಬೇಕು, ಅಷ್ಟೇ ಕಷ್ಟ. 37.9 ಬಂತು. ಅದನ್ನು ನೋಟ್‌ಬುಕ್ಕಿನ ಮೇಲೆ ಬರೆದು, ಸುತ್ತ ಒಂದು ಗೀಟು ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಎದ್ದು, ಏನೂ ತಿನ್ನದೆ, ಮೈಗೆ ಅಂಟುವ ಬಟ್ಟೆ ಹಾಕಿ, ಖಾಲಿ ಗೋಡೆಯ ಮುಂದೆ ನಿಂತೆ. ಫೋನನ್ನು ಸ್ಟೂಲಿನ ಮೇಲೆ, ಅದರ ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿ, ಸೊಂಟದ ಎತ್ತರಕ್ಕೆ ಇಟ್ಟೆ. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾದದ ಗುರುತು. ಮಗಳು ನೋಡಿ, ‘ಅಮ್ಮಾ, ಯಾವುದೋ ಕೊಲೆ ನಡೆದ ಜಾಗದ ಥರ ಇದೆ’ ಅಂದಳು. ಪ್ರತಿ ಆ್ಯಪ್‌ನಲ್ಲೂ ಹತ್ತು ಸಲ ಅಳೆದೆ. ಪ್ರತಿ ಸಲ ಗುರುತಿನಿಂದ ಆಚೆ ಹೋಗಿ ಮತ್ತೆ ಬಂದು ನಿಲ್ಲುವುದು.

ಮೊದಲನೆಯ ಆ್ಯಪ್ ಹತ್ತಕ್ಕೆ ಹತ್ತು ಸಲವೂ 34.6ರಿಂದ 34.9ರ ಒಳಗೇ ನಿಂತಿತು. ಎಷ್ಟು ಚೆನ್ನಾಗಿದೆ ಅಂತ ಬೀಗಿದೆ. ಎರಡನೆಯದು ಕೊಟ್ಟ ನಂಬರ್ ನೋಡಿ: 35.8, 37.2, 34.9, 36.4, 38.0, 35.1, 36.9, 35.5, 37.6, 36.1. ಇದೇನು ಜೋಕಾಲಿಯಾ ಅನ್ನಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ ಮೊದಲನೆಯದಕ್ಕೆ ಬಹುಮಾನ ಕೊಟ್ಟು ಈ ಉತ್ತರ ಮುಗಿಸುತ್ತಿದ್ದೆ.

ಆದರೆ ಎರಡೂ ಆ್ಯಪ್ ಶುರುವಿನಲ್ಲಿ ಎತ್ತರ, ತೂಕ, ವಯಸ್ಸು, ಹೆಣ್ಣೋ ಗಂಡೋ ಎಂದು ಕೇಳಿದ್ದವು. ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಎತ್ತರ ಕೇಳುವುದು ಸರಿ. ಫೋಟೊದಲ್ಲಿ ಹತ್ತಿರ ನಿಂತ ಕುಳ್ಳನೂ ದೂರ ನಿಂತ ಉದ್ದನೆಯವನೂ ಒಂದೇ ಥರ ಕಾಣುತ್ತಾರೆ, ಅಳತೆಗೋಲು ಬೇಕೇ ಬೇಕು. ತೂಕ, ವಯಸ್ಸು ಯಾಕೆ? ಅವುಗಳಿಂದ ಊಹೆ ಸ್ವಲ್ಪ ಚುರುಕಾಗುತ್ತದೆ, ನಿಜ. ಆದರೆ ಅವಿಷ್ಟೇ ಸಾಕು ಎಂಬ ಸೂತ್ರಗಳೂ ಇವೆ. 1991ರಲ್ಲಿ ಡ್ಯೂರೆನ್‌ಬರ್ಗ್ ಮತ್ತು ಜೊತೆಗಾರರು ಕೊಟ್ಟದ್ದರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ), ವಯಸ್ಸು, ಲಿಂಗ ಮಾತ್ರ ಇವೆ. ಕಣ್ಣು ಮುಚ್ಚಿಕೊಂಡು ಲೆಕ್ಕ ಹಾಕಬಹುದು. ಆ ಸೂತ್ರದಲ್ಲಿ ನನಗೆ 37.6ರ ಹತ್ತಿರ ಬರುತ್ತದೆ, ಡೆಕ್ಸಾದ ಪಕ್ಕದಲ್ಲೇ. ಯಾವ ಕ್ಯಾಮೆರಾವೂ ಇಲ್ಲದೆ!

ಹಾಗಾಗಿ ಮರುದಿನ ಸುಳ್ಳು ಹೇಳಿದೆ. ಅದೇ ಗೋಡೆ, ಅದೇ ಬಟ್ಟೆ, ಅದೇ ಗುರುತು. ತೂಕದ ಜಾಗದಲ್ಲಿ ಮಾತ್ರ 64ರ ಬದಲು 74 ಅಂತ ಬರೆದೆ. ಮೊದಲನೆಯ ಆ್ಯಪ್ 34.7ರಿಂದ 39.4ಕ್ಕೆ ಹಾರಿತು. ಎರಡನೆಯದು ಅರ್ಧ ಪಾಯಿಂಟ್ ಏರಿ ಸುಮ್ಮನಾಯಿತು. ಕ್ಯಾಮೆರಾ ಮುಂದೆ ನಿಂತ ನಾನು ಒಂದು ಚೂರೂ ಬದಲಾಗಿಲ್ಲ, ನೆನಪಿಡಿ.

ಇನ್ನೂ ಒಂದು ನೋಡೇಬಿಡೋಣ ಅಂತ ನಮ್ಮ ಯಜಮಾನರನ್ನು ಕರೆದೆ. ಅವರು ಕಡ್ಡಿ ಪೈಲ್ವಾನ್. ನನಗಿಂತ ಒಂದು ಗೇಣು ಎತ್ತರ. ‘ನನ್ನ ಹೆಸರಿನಲ್ಲಿ, ನನ್ನ ತೂಕದಲ್ಲಿ, ಈ ಗುರುತಿನ ಮೇಲೆ ನಿಂತ್ಕೊಳ್ಳಿ’ ಎಂದೆ. ‘ಇದು ಯಾವ ಜನ್ಮದ ಪರೀಕ್ಷೆಯೇ’ ಎಂದು ಗೊಣಗಿಕೊಂಡೇ ನಿಂತರು. ಎರಡನೆಯ ಆ್ಯಪ್ 26.3 ಅಂದಿತು. ಹೆಂಗಸು ಎಂದು ನಂಬಿಕೊಂಡಿದ್ದರೂ ಎದುರಿಗೆ ಬೇರೆ ಆಕಾರ ನಿಂತಿದೆ ಎಂಬುದು ಅದಕ್ಕೆ ಕಂಡಿತ್ತು. ಮೊದಲನೆಯದು? 34.8. ನನಗೆ ಕೊಟ್ಟದ್ದೇ.

ಅದು ನೋಡುತ್ತಲೇ ಇರಲಿಲ್ಲ. ಫೋಟೊ ತೆಗೆಯುವುದು, ಹಸಿರು ಗೆರೆ ಮೈಮೇಲೆ ಓಡಿಸುವುದು, ‘ವಿಶ್ಲೇಷಿಸಲಾಗುತ್ತಿದೆ’ ಎಂದು ಚಕ್ರ ತಿರುಗಿಸುವುದು, ಎಲ್ಲ ಅಲಂಕಾರ. ನಾನೇ ಟೈಪ್ ಮಾಡಿದ ತೂಕವನ್ನು ಲೆಕ್ಕ ಹಾಕಿ ನನಗೇ ವಾಪಸ್ ಕೊಡುತ್ತಿತ್ತು. ಅದಕ್ಕೇ ಅಷ್ಟು ಸ್ಥಿರ. ನಿಂತುಹೋದ ಗಡಿಯಾರದ ಮುಳ್ಳೂ ಅಷ್ಟೇ ಸ್ಥಿರವಾಗಿರುತ್ತದೆ.

ಓಲಾಡಿದ ಎರಡನೆಯದೇ ನಿಜವಾಗಿ ಕಣ್ಣು ಬಿಟ್ಟದ್ದು. ಅದರ ಹತ್ತು ನಂಬರ್‌ಗಳ ಸರಾಸರಿ 36.4. ಡೆಕ್ಸಾಗಿಂತ ಒಂದೂವರೆ ಕಡಿಮೆ. ಪರವಾಗಿಲ್ಲ. ಓಲಾಟ ಎಷ್ಟು ಎಂದು ಲೆಕ್ಕ ಹಾಕಿದರೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 1.06 ಬಂತು. ಡೆಕ್ಸಾ ಮಾಡುವವರು ಬಳಸುವ ಒಂದು ನಿಯಮ ಇದೆ: ಈ ಓಲಾಟವನ್ನು 2.77ರಿಂದ ಗುಣಿಸಿ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ‘ಬದಲಾಗಿದೆ’ ಎಂದು ಧೈರ್ಯವಾಗಿ ಹೇಳಬಹುದು. ನನ್ನ ಲೆಕ್ಕದಲ್ಲಿ ಅದು 2.9.

ಈಗ ನಿಮ್ಮ ನಂಬರ್ ನೋಡಿ. 27.4, 24.9, 27.8. ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ವ್ಯತ್ಯಾಸ 2.9. ನಿಮ್ಮ ಆ್ಯಪ್ ಕೂಡ ನನ್ನ ಎರಡನೆಯದರ ಥರದ್ದೇ ಆಗಿದ್ದರೆ, ನಿಮಗೆ ಏನೂ ಆಗಿಲ್ಲ. ಮೊದಲ ದಿನದಿಂದ ಮರುದಿನಕ್ಕೆ ಕೊಬ್ಬು ಕರಗಿಲ್ಲ, ಸಂಜೆಗೆ ಮರಳಿ ಬಂದೂ ಇಲ್ಲ. 70 ಕಿಲೋ ತೂಗುವವರಿಗೆ ಎರಡೂವರೆ ಪರ್ಸೆಂಟ್ ಎಂದರೆ ಒಂದೂ ಮುಕ್ಕಾಲು ಕಿಲೋ ಕೊಬ್ಬು. ಒಂದು ರಾತ್ರಿಯಲ್ಲಿ ಅಷ್ಟು ಎಲ್ಲಿಗೆ ಹೋಗುತ್ತೆ ಹೇಳಿ?

ಹಾಗಾದರೆ ಓಲಾಟ ಎಲ್ಲಿಂದ? ಅದನ್ನೂ ಒಂದೊಂದಾಗಿ ಕೆಣಕಿ ನೋಡಿದೆ. ಎಲ್ಲಕ್ಕಿಂತ ದೊಡ್ಡ ಕಳ್ಳ ಉಸಿರು. ಹೊಟ್ಟೆ ಒಳಗೆಳೆದು ನಿಂತರೆ 3 ಪಾಯಿಂಟ್ ಇಳಿಯಿತು. ಕ್ಯಾಮೆರಾ ಕಂಡ ಕೂಡಲೇ ನಾವೆಲ್ಲ ಗೊತ್ತಿಲ್ಲದೆಯೇ ಹೊಟ್ಟೆ ಎಳೆದುಕೊಳ್ಳುತ್ತೇವೆ, ಮದುವೆ ಫೋಟೊದಿಂದ ಬಂದ ಅಭ್ಯಾಸ. ಉಸಿರು ಪೂರ್ತಿ ಹೊರಗೆ ಬಿಟ್ಟು, ಆಗ ಕ್ಲಿಕ್ ಆಗಲಿ. ಇನ್ನೊಂದು ದೂರ. ಫೋನಿನಿಂದ 1 ಮೀಟರ್ ದೂರದಲ್ಲಿ ನಿಂತಿದ್ದೀರಿ ಅನ್ನಿ, ಹೊಟ್ಟೆ 10 ಸೆಂ.ಮೀ. ಮುಂದಿದೆ. ಅದು ಕ್ಯಾಮೆರಾಗೆ 11 ಪರ್ಸೆಂಟ್ ದೊಡ್ಡದಾಗಿ ಕಾಣುತ್ತದೆ. 3 ಮೀಟರ್ ದೂರಕ್ಕೆ ಹೋದರೆ ಅದೇ ಹೊಟ್ಟೆ ಬರೀ ಮೂರೂವರೆ ಪರ್ಸೆಂಟ್ ದೊಡ್ಡದು. ಆದ್ದರಿಂದ ದೂರವೇ ವಾಸಿ, ಮುಖ್ಯವಾಗಿ ಪ್ರತಿ ಸಲ ಅದೇ ದೂರ. ಫೋನನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟರೆ ತೊಡೆ ಆನೆಯದಾಗುತ್ತದೆ. ಕೈ ಮೈಗೆ ಅಂಟಿಕೊಂಡಿದ್ದರೆ ಆ್ಯಪ್ ಅದನ್ನೂ ಸೊಂಟಕ್ಕೆ ಸೇರಿಸಿಬಿಡುತ್ತದೆ. ಸಡಿಲ ಬಟ್ಟೆಯ ಬಗ್ಗೆ ಹೇಳಲೇಬೇಕಾಗಿಲ್ಲ, ಬಟ್ಟೆಯ ಆಕಾರವನ್ನು ಅಳೆದುಕೊಂಡು ಬರುತ್ತೀರಿ.

ನೀವು ಮಾಡಬೇಕಾದದ್ದು ಇಷ್ಟು. ನಾನು ಹೇಳಿದ ಸುಳ್ಳನ್ನು ನೀವೂ ಹೇಳಿ, ತೂಕ 10 ಕಿಲೋ ಏರಿಸಿ ನೋಡಿ. ನಾಲ್ಕೈದು ಪಾಯಿಂಟ್ ಹಾರಿದರೆ ಅದಕ್ಕೆ ಕಣ್ಣಿಲ್ಲ ಅಂತಲೇ ಅರ್ಥ, ಅಳಿಸಿ. ಹಾರಲಿಲ್ಲವೋ, ಇಟ್ಟುಕೊಳ್ಳಿ. ತಿಂಗಳಿಗೆ ಒಮ್ಮೆ, ಬೆಳಿಗ್ಗೆ, ಮೂರು ಸಲ ಅಳೆದು ಸರಾಸರಿ ಬರೆದಿಡಿ. ಮೂರರ ಸರಾಸರಿ ತೆಗೆದರೆ ನನ್ನ 2.9 ಎಂಬ ಗಡಿ 1.7ಕ್ಕೆ ಇಳಿಯುತ್ತದೆ. ಜಿಮ್‌ನ 22ನ್ನು ಇದರ ಪಕ್ಕ ಇಟ್ಟು ಹೋಲಿಸಬೇಡಿ. ಅದು ನೀರಿನ ಲೆಕ್ಕ, ಇದು ಆಕಾರದ ಲೆಕ್ಕ. ಒಂದೇ ಸಾಧನದ ಹಳೆಯ ನಂಬರ್ ಜೊತೆ ಅದರದೇ ಹೊಸ ನಂಬರ್ ಹೋಲಿಸಿ.

ಪ್ರಶ್ನೆ: ನನ್ನ ಬಿಎಂಐ 22. ಎಲ್ಲರೂ ‘ಸಣ್ಣಗಿದ್ದೀಯ’ ಅಂತಾರೆ. ಆ್ಯಪ್ ಮಾತ್ರ 26 ಪರ್ಸೆಂಟ್ ಕೊಬ್ಬು ಅನ್ನುತ್ತದೆ. ನಾನು ಗಂಡಸು, 36 ವರ್ಷ. ಆ್ಯಪ್‌ಗೆ ತಲೆ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲೂಬಹುದು, ಇಲ್ಲದಿರಲೂಬಹುದು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಯಾಜ್ಞಿಕ್ ಮತ್ತು ಯುಡ್ಕಿನ್ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು ತಮ್ಮದೇ ಫೋಟೊ ಹಾಕಿಕೊಂಡು ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರದೂ ಬಿಎಂಐ 22.3. ಯುಡ್ಕಿನ್ ಅವರ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಅವರದು 21.2. ನನಗೆ ಬಹಳ ಇಷ್ಟವಾದ ಅಳತೆ ಇದು. ಒಂದೇ ಬಿಎಂಐ, ಎರಡು ಪಟ್ಟಿಗಿಂತ ಜಾಸ್ತಿ ಕೊಬ್ಬು. ಬಿಎಂಐಗೆ ತೂಕ, ಎತ್ತರ ಬಿಟ್ಟು ಬೇರೇನೂ ಗೊತ್ತಿಲ್ಲ. ಆ ತೂಕ ಮಾಂಸಖಂಡದ್ದೋ ಕೊಬ್ಬಿನದ್ದೋ ಅದು ಕೇಳುವುದೇ ಇಲ್ಲ. ತೆಳ್ಳಗೆ ಕಾಣುವ ದಕ್ಷಿಣ ಏಷ್ಯಾದ ಮೈಗಳಲ್ಲಿ ಇದು ಸಾಮಾನ್ಯ.

ಕ್ಯಾಮೆರಾ ಆ್ಯಪ್ ಇದನ್ನು ಹಿಡಿಯಬಲ್ಲದು, ಆದರೆ ಒಂದು ಷರತ್ತು. ಅದಕ್ಕೆ ಪಾಠ ಹೇಳುವಾಗ ನಿಮ್ಮಂಥ ಮೈಗಳನ್ನೂ ತೋರಿಸಿರಬೇಕು. ತೋರಿಸದಿದ್ದರೆ ಬೇರೆಯವರ ಪಾಠವನ್ನೇ ನಿಮಗೆ ಒಪ್ಪಿಸುತ್ತದೆ. ಇಂಥ ಊಹೆಗಳಿಗೆ ಇನ್ನೊಂದು ಚಾಳಿ ಇದೆ. ಎಲ್ಲರನ್ನೂ ನಡುವಿಗೆ ಎಳೆಯುತ್ತವೆ. ತುಂಬ ತೆಳ್ಳಗಿರುವವರಿಗೆ ಸ್ವಲ್ಪ ಜಾಸ್ತಿ ಹೇಳುತ್ತವೆ, ತುಂಬ ದಪ್ಪಗಿರುವವರಿಗೆ ಸ್ವಲ್ಪ ಕಡಿಮೆ. ನೀವು ಒಂದು ಸಲ ಡೆಕ್ಸಾ ಮಾಡಿಸಿ. ಎಕ್ಸ್‌ರೇ ಎಂದು ಹೆದರಬೇಡಿ, ಎದೆಯ ಎಕ್ಸ್‌ರೇಗಿಂತಲೂ ಕಡಿಮೆ ಅದು. ಬಸುರಿಯರು ಮಾತ್ರ ಮಾಡಿಸಬಾರದು. ಡೆಕ್ಸಾ ಸಿಗದಿದ್ದರೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಫೋನು ಗೀನು ಬೇಡ. ಮನೆಯಲ್ಲಿರುವ ಟೇಪಿನಲ್ಲಿ ಆಗೋದಿಲ್ವಾ?

ಉತ್ತರ: ಆಗುತ್ತೆ! ಈ ಪತ್ರ ಓದಿ ನಿಜಕ್ಕೂ ಖುಷಿಯಾಯಿತು. 1984ರಲ್ಲಿ ಅಮೆರಿಕದ ನೌಕಾಪಡೆಗಾಗಿ ಹಾಜ್‌ಡನ್ ಮತ್ತು ಬೆಕೆಟ್ ಎಂಬುವರು ಮಾಡಿದ ಸೂತ್ರ ಇದೆ. ಗಂಡಸರಿಗೆ ಕುತ್ತಿಗೆ, ಹೊಟ್ಟೆ, ಎತ್ತರ. ಹೆಂಗಸರಿಗೆ ಇವುಗಳ ಜೊತೆ ಸೊಂಟದ ಕೆಳಗಿನ ಅಗಲವಾದ ಸುತ್ತಳತೆಯೂ ಬೇಕು. ಲಾಗರಿದಮ್ ಬರುತ್ತದೆ, ಆದರೆ ‘ನೇವಿ’ ಸೂತ್ರ ಎಂದು ಹುಡುಕಿದರೆ ಲೆಕ್ಕ ಹಾಕಿಕೊಡುವ ಪುಟಗಳು ಬೇಕಾದಷ್ಟಿವೆ. ನನ್ನದು ಕುತ್ತಿಗೆ 33, ನಡು 85, ಕೆಳಗೆ 101. ಬಂದದ್ದು 36.9. ಡೆಕ್ಸಾದಿಂದ ಒಂದೇ ಪಾಯಿಂಟ್ ದೂರ, ಎರಡೂ ಆ್ಯಪ್‌ಗಿಂತ ಹತ್ತಿರ! ಒಬ್ಬಳ ಮೈಮೇಲೆ ಹೀಗೆ ಬಂತು ಎಂದು ಟೇಪಿಗೆ ಪದಕ ಕೊಡುವ ಹಾಗಿಲ್ಲ. ನಡುವಿನಲ್ಲಿ ಟೇಪು 2 ಸೆಂ.ಮೀ. ಸಡಿಲವಾದರೆ ಉತ್ತರ ಹತ್ತಿರ ಹತ್ತಿರ ಒಂದು ಪಾಯಿಂಟ್ ಏರುತ್ತದೆ.

ಪರ್ಸೆಂಟೂ ಬೇಡ ಅನ್ನುವವರಿಗೆ ಇನ್ನೂ ಸುಲಭದ್ದಿದೆ. ನಡುವಿನ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಬ್ರಿಟನ್ನಿನಲ್ಲಿ ಆರೋಗ್ಯದ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2022ರಲ್ಲಿ ಜನರಿಗೆ ಕೊಟ್ಟ ಸಲಹೆಯೂ ಇದೇ. ಚರ್ಮದ ಕೆಳಗಿನ ಕೊಬ್ಬನ್ನು ಚಿವುಟಿ ಹಿಡಿಯಬಹುದು. ಹೊಟ್ಟೆಯೊಳಗೆ, ಕರುಳು ಲಿವರ್ ಸುತ್ತ ಕೂರುವುದನ್ನು ಹಿಡಿಯಲಾಗುವುದಿಲ್ಲ, ಫೋನಿನ ಕಣ್ಣಿಗೂ ಅದು ನೇರವಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ಜಾಸ್ತಿ ನಂಟು ಇರುವುದು ಆ ಒಳಗಿನದಕ್ಕೇ. ನಡುವಿನ ಅಳತೆ ಅದರ ಸುಳಿವು ಕೊಡುತ್ತದೆ. ನನ್ನ ಎತ್ತರದ ಅರ್ಧ 79. ನನ್ನ ನಡು 85. ಇದನ್ನು ಇಲ್ಲಿ ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ.

ಪ್ರಶ್ನೆ: ಅಷ್ಟು ಕಡಿಮೆ ಬಟ್ಟೆಯಲ್ಲಿ ತೆಗೆದ ಫೋಟೊ ಎಲ್ಲಿಗೆ ಹೋಗುತ್ತೆ ಅಂತ ಭಯ. ಇದನ್ನು ಕಂಡುಹಿಡಿಯೋಕೆ ಆಗುತ್ತಾ?

ಉತ್ತರ: ಭಯ ಸರಿಯಾದದ್ದೇ. ಒಂದು ಸಣ್ಣ ಪರೀಕ್ಷೆ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ ಅಳೆಯಿರಿ. ಬಟ್ಟೆ ಪೂರ್ತಿ ಹಾಕಿಕೊಂಡೇ ಈ ಪರೀಕ್ಷೆ ಮಾಡಿ, ನಂಬರ್ ತಪ್ಪಾದರೆ ಆಗಲಿ. ನೆಟ್ ಇಲ್ಲದೆ ಉತ್ತರ ಬಂದರೆ ಲೆಕ್ಕ ಫೋನಿನಲ್ಲೇ ನಡೆಯುತ್ತಿದೆ. ‘ನೆಟ್ ಇಲ್ಲ’ ಎಂದು ನಿಂತುಕೊಂಡರೆ ನಿಮ್ಮ ಫೋಟೊ ಬೇರೆಯವರ ಕಂಪ್ಯೂಟರಿಗೆ ಹೋಗಿಬರುತ್ತಿರಬಹುದು. ನನ್ನ ಎರಡನೆಯ ಆ್ಯಪ್ ಹೀಗೇ ನಿಂತಿತು. ಲೆಕ್ಕ ಫೋನಿನಲ್ಲೇ ಆದರೂ ಆಮೇಲೆ ನೆಟ್ ಬಂದಾಗ ಕಳಿಸುವುದಿಲ್ಲ ಎಂದು ಗ್ಯಾರಂಟಿ ಇಲ್ಲ, ಅದಕ್ಕೆ ಅವರ ಷರತ್ತುಗಳನ್ನು ಓದಲೇಬೇಕು.

ನಾವು ಮರೆಯುವುದು ಇನ್ನೊಂದು: ಆ್ಯಪ್ ಆ ಫೋಟೊವನ್ನು ಗ್ಯಾಲರಿಗೂ ಹಾಕಿದರೆ, ನಿಮ್ಮ ಫೋನಿನ ಆಟೋ ಬ್ಯಾಕಪ್ ಅದನ್ನು ಎತ್ತಿಕೊಂಡು ಮನೆಯವರೆಲ್ಲ ನೋಡುವ ಆಲ್ಬಮ್ಮಿಗೆ ಸೇರಿಸಬಹುದು. ನನಗೆ ಹಾಗೇ ಆಯಿತು. ಸೀಮೆಸುಣ್ಣದ ಗುರುತಿನ ಮೇಲೆ ಕೈ ಚಾಚಿ ನಿಂತ ನಮ್ಮ ಯಜಮಾನರು ಅವರ ತಂಗಿಯ ಟಿವಿಯಲ್ಲಿ ಕಾಣಿಸಿಕೊಂಡರು. ಇನ್ನು, ಆ್ಯಪ್ ಬೇಡವಾದಾಗ ಮೊದಲು ಒಳಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಆಮೇಲೆ ಆ್ಯಪ್ ತೆಗೆಯಿರಿ. ಆ್ಯಪ್ ಮಾತ್ರ ತೆಗೆದರೆ ಅವರ ಹತ್ತಿರ ಇರುವುದು ಅಲ್ಲೇ ಇರುತ್ತದೆ. ನಂಬರ್‌ಗಳನ್ನು ನೋಟ್‌ಬುಕ್ಕಿನಲ್ಲೂ ಬರೆದಿಡಿ. ಫೋನಿನ ಫೋಟೊದಿಂದ ಕೊಬ್ಬು ಹೇಳುತ್ತಿದ್ದ ಅಮೆಜಾನ್‌ನ ಹೇಲೋ ಸೇವೆ 2020ರಲ್ಲಿ ಶುರುವಾಗಿ 2023ರಲ್ಲಿ ಮುಚ್ಚಿತು. ಇಂಥವು ಎಷ್ಟು ದಿನ ಇರುತ್ತವೆ ಎಂದು ಹೇಳಲಾಗದು.

ಪ್ರಶ್ನೆ: ಮಗಳಿಗೆ 16. ದಿನಾ ರೂಮಿನ ಬಾಗಿಲು ಹಾಕಿಕೊಂಡು ಇಂಥ ಆ್ಯಪ್‌ನಲ್ಲಿ ಅಳೆದುಕೊಳ್ಳುತ್ತಾಳೆ. ನಂಬರ್ ಏರಿದ ದಿನ ಊಟ ಬೇಡ ಅಂತಾಳೆ. ಹೇಗೆ ಹೇಳಲಿ?

ಉತ್ತರ: ಅಮ್ಮಾ, ಇಲ್ಲಿ ಆ್ಯಪ್ ಸರಿಯಾ ತಪ್ಪಾ ಎಂಬುದು ಎರಡನೇ ಮಾತು. ಊಟ ಬಿಡುತ್ತಿದ್ದಾಳೆ ಎಂಬುದೇ ಮೊದಲನೆಯದು. ಅವಳ ಮುಟ್ಟು ತಪ್ಪುತ್ತಿದೆಯಾ, ತಲೆ ಸುತ್ತುತ್ತಾ, ಎಲ್ಲರ ಜೊತೆ ಕೂತು ಊಟ ಮಾಡುವುದನ್ನು ತಪ್ಪಿಸುತ್ತಿದ್ದಾಳಾ, ಗಮನಿಸಿ. ಹೌದು ಅನ್ನಿಸಿದರೆ ಕಾಯಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಊಟದ ಜೊತೆಗಿನ ಈ ಜಗಳ ಒಂದು ಕಾಯಿಲೆಯಾಗಿ ಬೆಳೆಯಬಲ್ಲದು, ಬೇಗ ಹಿಡಿದರೆ ವಾಸಿಯಾಗುವುದು ಸುಲಭ.

ಫೋನು ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಕನ್ನಡಿ ಮುಂದೆ ನಿಲ್ಲುತ್ತಾಳೆ. ಅದರ ಬದಲು ಪಕ್ಕದಲ್ಲಿ ಕೂತು ಎರಡು ವಿಷಯ ಹೇಳಿ. ಒಂದು, ಹದಿಹರೆಯದಲ್ಲಿ ಹುಡುಗಿಯರ ಮೈಯಲ್ಲಿ ಕೊಬ್ಬು ಏರಲೇಬೇಕು, ಬೆಳವಣಿಗೆ ಅಂದರೆ ಅದೇ. ಬರೀ ಬದುಕಿರೋದಕ್ಕೇ ಹೆಂಗಸಿನ ಮೈಗೆ ಸುಮಾರು 10ರಿಂದ 13 ಪರ್ಸೆಂಟ್ ಕೊಬ್ಬು ಬೇಕು, ಗಂಡಸಿಗೆ 2ರಿಂದ 5 ಸಾಕು. ಜಿಮ್ ಹುಡುಗರ ನಂಬರ್ ಅವಳದ್ದಲ್ಲ. ಎರಡು, ನನ್ನ ಹತ್ತು ನಂಬರ್‌ಗಳ ಸಾಲನ್ನು ತೋರಿಸಿ. ಅರ್ಧ ಗಂಟೆಯೊಳಗೆ ಒಬ್ಬಳೇ ಹೆಂಗಸು 34.9 ಕೂಡ ಆದಳು, 38 ಕೂಡ ಆದಳು. ಇಂಥ ನಂಬರ್ ನೋಡಿ ಯಾರಾದರೂ ಊಟ ಬಿಡುತ್ತಾರಾ ಎಂದು ಅವಳನ್ನೇ ಕೇಳಿ. ವಯಸ್ಕರ ಮೈ ನೋಡಿ ಕಲಿತ ಆ್ಯಪ್ ಬೆಳೆಯುವ ಹುಡುಗಿಗೆ ಹೇಳುವುದಕ್ಕೆ ಇನ್ನೂ ಕಡಿಮೆ ಬೆಲೆ.

ಪ್ರಶ್ನೆ: ಕಪ್ಪು ಬಟ್ಟೆ ಹಾಕಿದರೆ ಸಣ್ಣ ಕಾಣ್ತೀವಿ ಅಂತಾರಲ್ಲ. ಆ್ಯಪ್‌ನೂ ಹಾಗೆ ಮೋಸ ಮಾಡಬಹುದಾ?

ಉತ್ತರ: ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು, ಮೊದಲೇ ನೋಡಿಟ್ಟುಕೊಂಡಿದ್ದೆ. ಬಿಳಿ ಗೋಡೆಯ ಮುಂದೆ ಕಪ್ಪು ಬಟ್ಟೆ ಹಾಕಿ ನಿಂತರೆ ಏನೂ ಲಾಭ ಇಲ್ಲ. ಅಂಚು ಇನ್ನೂ ಚೆನ್ನಾಗಿ ಸಿಕ್ಕಿ ನಂಬರ್ ಎಂದಿನಂತೆಯೇ ಬಂತು. ಆಮೇಲೆ ಮಂಕು ಬೆಳಕಿನಲ್ಲಿ, ಕಡುನೀಲಿ ಪರದೆಯ ಮುಂದೆ ನಿಂತೆ. ನಾನೆಲ್ಲಿ ಮುಗಿದೆ, ಪರದೆ ಎಲ್ಲಿ ಶುರುವಾಯಿತು ಎಂದು ಆ್ಯಪ್‌ಗೆ ತಿಳಿಯಲಿಲ್ಲ. ಪರದೆಯ ಎರಡು ಮಡಿಕೆಯನ್ನು ನನ್ನ ಸೊಂಟಕ್ಕೆ ಸೇರಿಸಿಕೊಂಡು 44.7 ಅಂದಿತು.